ಗಾಜಿನ ಹಿಂದಿನ ಸಾರಾ: ಹಳೆಯ ಚಿತ್ರವನ್ನು ಪರೀಕ್ಷಿಸುವ, ಕೊಳ್ಳುವ, ಕಾಪಾಡುವ ಬಗೆ

ಫ್ರಾನ್ಸಿನ ಹೆಸರಾಂತ ರಂಗನಟಿ ಸಾರಾ ಬರ್ನಾರ್ಡ್‌ಳ ಮುಖವಿರುವ ಹಳೆಯ ಗಾಜಿನ ಚಿತ್ರವೊಂದು ಕೈಗೆ ಸಿಕ್ಕಿದರೆ ಮೊದಲು ಪಾಲಿಸಬೇಕಾದ ನಿಯಮ ಇದು: ಒರೆಸಬೇಡಿ. ಧೂಳು ಕಂಡರೆ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೂ ಬೇಡ. ಹಿಂದಿನ ಹಲಗೆಯನ್ನು ಬಿಚ್ಚುವುದೂ ಬೇಡ, ಬಿಸಿಲಿಗೆ ಹಿಡಿದು ನೋಡುವುದೂ ಬೇಡ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಅದರ ಮೇಲೆ ಮಲಗಿಸಿ, ಒಂದು ಟಾರ್ಚ್ ಮತ್ತು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಸದ್ಯಕ್ಕೆ ಇಷ್ಟು ಸಲಕರಣೆ ಸಾಕು.

ನಾನು ಪ್ಯಾರಿಸ್‌ನಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವಳು. ತಂದವರು ಚಿತ್ರದ ಮುಖ ತೋರಿಸುತ್ತಾರೆ, ನನ್ನ ಕಣ್ಣು ಅದರ ಬೆನ್ನನ್ನು ಹುಡುಕುತ್ತದೆ. ಸಾಂತ್-ಉವಾಂ ಹಳೆ ಸಾಮಾನಿನ ಸಂತೆಯಿಂದಲೋ ಅಜ್ಜಿಯ ಮನೆಯ ಅಟ್ಟದಿಂದಲೋ ಬರುವ ‘ಸಾರಾ’ಗಳಲ್ಲಿ ಹಲವು ಸಾರಾಳೇ ಅಲ್ಲ, ಸಾರಾಳೇ ಆಗಿರುವ ಹಲವು ಗಾಜಿನ ಮೇಲೆ ಬರೆದ ಚಿತ್ರಗಳಲ್ಲ. ಎರಡೂ ನಿಜವಾಗಿರುವುದು ಅಪರೂಪ. ಹಾಗಾಗಿ ‘ಇದು ಏನು’ ಎಂಬುದನ್ನೂ ‘ಇವಳು ಯಾರು’ ಎಂಬುದನ್ನೂ ಬೇರೆ ಬೇರೆಯಾಗಿ ಕೇಳಿ. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ, ಅಲ್ಲಿಯೇ ಮೋಸ ಹೋಗುವುದು.

ಗಾಜಿನ ಹಿಂದೆ ಇರುವುದು ಏನು?

ನಿಜವಾದ ಹಿಮ್ಮುಖ ಗಾಜಿನ ಚಿತ್ರದಲ್ಲಿ ಬಣ್ಣ ಗಾಜಿನ ಹಿಂಬದಿಗೆ ನೇರವಾಗಿ ಅಂಟಿರುತ್ತದೆ. ಕ್ಯಾನ್ವಾಸಿನ ಮೇಲೆ ಕೊನೆಗೆ ಬರೆಯುವುದನ್ನು ಇಲ್ಲಿ ಮೊದಲು ಬರೆಯಬೇಕು. ಕಣ್ಣಿನ ಹೊಳಪಿನ ಚುಕ್ಕೆ, ರೆಪ್ಪೆ, ತುಟಿಯ ಗೆರೆ, ಕೊರಳಿನ ಮುತ್ತು ಇವೆಲ್ಲ ಮೊದಲು. ಅವುಗಳ ಮೇಲೆ ಮೈಬಣ್ಣ, ಅದರ ಮೇಲೆ ಉಡುಪು, ಎಲ್ಲ ಮುಗಿದ ಮೇಲೆ ಹಿನ್ನೆಲೆ. ಬಣ್ಣ ಮುಚ್ಚಿದ ಮೇಲೆ ಕಣ್ಣನ್ನು ತಿದ್ದಲು ಆಗುವುದಿಲ್ಲ. ಇಡೀ ಚಿತ್ರ ಎಡಬಲ ಅದಲುಬದಲಾಗುವುದರಿಂದ ಚಿತ್ರಕಾರ ಅದನ್ನೂ ಲೆಕ್ಕ ಹಾಕಿಕೊಂಡಿರಬೇಕು.

ಪರೀಕ್ಷೆಯ ದಾರಿಯೂ ಇದರಲ್ಲಿಯೇ ಇದೆ. ಹಿಂಬದಿಯ ಹಲಗೆ ಮೊದಲೇ ಸಡಿಲವಾಗಿದ್ದು ಬೆನ್ನು ಕಾಣುವಂತಿದ್ದರೆ ಟಾರ್ಚ್ ಹಾಕಿ ನೋಡಿ. ಅಲ್ಲಿ ಅಂದವಾದ ಮುಖ ಕಾಣಬಾರದು. ಮಬ್ಬಾದ ಮೈಬಣ್ಣದ ಒಂದು ಮುದ್ದೆ, ಅದರ ಸುತ್ತ ಹಿನ್ನೆಲೆಯ ಬಣ್ಣದ ಬಳಿತ ಇಷ್ಟೇ ಇರಬೇಕು. ಹಿಂದಿನಿಂದಲೇ ರೆಪ್ಪೆ, ಮುತ್ತುಗಳೆಲ್ಲ ಮೇಲ್ಪದರದಲ್ಲಿ ಎದ್ದು ಕಂಡರೆ, ಅದನ್ನು ಮಾಮೂಲಿ ಕ್ರಮದಲ್ಲಿ ಬರೆಯಲಾಗಿದೆ ಎಂದರ್ಥ. ಹಿಮ್ಮುಖ ಚಿತ್ರದ ಲೆಕ್ಕಕ್ಕೆ ಅದು ಬರುವುದಿಲ್ಲ.

ಬೆನ್ನು ಮುಚ್ಚಿದ್ದರೆ ಮುಂದಿನಿಂದ ಭೂತಗನ್ನಡಿ ಹಿಡಿಯಿರಿ. ಕೆನ್ನೆಯ ನೆರಳನ್ನು ನೋಡಿ, ಕಣ್ಣನ್ನಲ್ಲ. ಕಣ್ಣು ಎಲ್ಲ ಬಗೆಯಲ್ಲಿಯೂ ಚೆನ್ನಾಗಿಯೇ ಇರುತ್ತದೆ. ಕುಂಚದ ಎಳೆಗಳು ಕಂಡರೆ ಚಿತ್ರ. ಅಂಕುಡೊಂಕಾಗಿ ಚೆಲ್ಲಿದಂತಿರುವ, ಗಾತ್ರ ಒಂದೇ ಇಲ್ಲದ ಚುಕ್ಕೆಗಳು ಕಂಡರೆ ಹತ್ತೊಂಬತ್ತನೆಯ ಶತಮಾನದ ಬಣ್ಣದ ಕಲ್ಲಚ್ಚು ಇರಬಹುದು. ಸಾಲುಗಟ್ಟಿ ನಿಂತ, ಪುಟ್ಟ ಹೂವಿನ ಆಕಾರದಲ್ಲಿ ಸೇರಿಕೊಂಡ ಚುಕ್ಕೆಗಳಾದರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಅದಕ್ಕೆ ಎಷ್ಟು ಹಳೆಯ ಕಟ್ಟು ಹಾಕಿದರೂ ವಯಸ್ಸು ಹೆಚ್ಚುವುದಿಲ್ಲ.

ಚುಕ್ಕೆಯೂ ಇಲ್ಲ, ಕುಂಚದ ಎಳೆಯೂ ಇಲ್ಲ, ನೆರಳು ಹಾಲಿನ ಕೆನೆಯಂತೆ ನಯವಾಗಿದೆ, ಗಾಜು ಸ್ವಲ್ಪ ಉಬ್ಬಿದೆ. ಹೀಗಿದ್ದರೆ ಇದು ಕ್ರಿಸ್ಟೋಲಿಯಂ. ನನ್ನ ಮೇಜಿಗೆ ಬರುವ ಒಳ್ಳೆಯ ಸಾರಾಗಳಲ್ಲಿ ಹೆಚ್ಚಿನವು ಈ ಜಾತಿಯವು. ಮಾರುವವರು ಇದನ್ನು ಗಾಜಿನ ವರ್ಣಚಿತ್ರ ಎಂದೇ ಕರೆಯುವುದರಿಂದ ಸ್ವಲ್ಪ ನಿಂತು ವಿವರಿಸುತ್ತೇನೆ. 1880ರ ದಶಕದಿಂದ ಮೊದಲ ಮಹಾಯುದ್ಧದ ಹೊತ್ತಿನವರೆಗೆ ಇದು ಮನೆಮನೆಯ ಹವ್ಯಾಸವಾಗಿತ್ತು. ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದದ ಮೇಲೆ ಮೂಡಿಸಿದ ಛಾಯಾಚಿತ್ರವನ್ನು ಉಬ್ಬು ಗಾಜಿನ ಒಳಬದಿಗೆ, ಮುಖ ಗಾಜಿನ ಕಡೆಗಿರುವಂತೆ ಅಂಟಿಸುತ್ತಿದ್ದರು. ಒಣಗಿದ ಮೇಲೆ ಹಿಂಬದಿಯ ಕಾಗದವನ್ನು ಉಜ್ಜಿ ಉಜ್ಜಿ ತೆಳುವಾಗಿಸಿ, ಮೇಣ ಅಥವಾ ಎಣ್ಣೆ ಕುಡಿಸಿ ಪಾರದರ್ಶಕ ಮಾಡುತ್ತಿದ್ದರು. ಕಣ್ಣು, ತುಟಿ, ಆಭರಣಗಳಂಥ ಸಣ್ಣ ವಿವರಗಳಿಗೆ ಅದರ ಬೆನ್ನ ಮೇಲೆಯೇ ಬಣ್ಣ. ಅದರ ಹಿಂದೆ ಕೂದಲೆಳೆಯಷ್ಟು ಅಂತರ ಬಿಟ್ಟು ಇನ್ನೊಂದು ಉಬ್ಬು ಗಾಜು, ಅದರ ಮೇಲೆ ಉಡುಪಿನ, ಕೂದಲಿನ, ಹಿನ್ನೆಲೆಯ ದೊಡ್ಡ ದೊಡ್ಡ ಬಣ್ಣಗಳು. ಎಲ್ಲಕ್ಕೂ ಹಿಂದೆ ಬಿಳಿ ರಟ್ಟು.

ಗುರುತಿಸುವುದು ಸುಲಭ. ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಸರಿಸಿ. ಉಡುಪಿನ ಬಣ್ಣ ತನ್ನ ಗೆರೆಯನ್ನು ಬಿಟ್ಟು ಸ್ವಲ್ಪ ಆಚೀಚೆ ಜಾರಿದಂತೆ ಕಂಡರೆ, ಬಣ್ಣ ಎರಡು ಗಾಜುಗಳಲ್ಲಿ ಹಂಚಿಹೋಗಿದೆ ಎಂದರ್ಥ. ಹಾಗೆಂದು ಮೂಗು ಮುರಿಯಬೇಡಿ. ಒಬ್ಬ ಅನಾಮಧೇಯ ಚಿತ್ರಕಾರ ಕಲ್ಪಿಸಿಕೊಂಡು ಬರೆದ ಸಾರಾಳಿಗಿಂತ, ಅವಳು ಕ್ಯಾಮೆರಾದ ಮುಂದೆ ನಿಜವಾಗಿ ಕುಳಿತದ್ದನ್ನು ಹೇಳುವ ಕ್ರಿಸ್ಟೋಲಿಯಂ ನನಗೆ ಹೆಚ್ಚು ಪ್ರಿಯ. ಆದರೆ ಚಿತ್ರದ ಬೆಲೆ ತೆತ್ತು ಛಾಯಾಚಿತ್ರ ತರಬೇಡಿ.

ಅಂಚಿನಲ್ಲಿ ಕಪ್ಪು ಪಟ್ಟಿ, ಅದರಲ್ಲಿ ಚಿನ್ನದ ಗೆರೆಗಳಿದ್ದರೆ ಅದು ಎಗ್ಲೊಮಿಸೆ, ಅಂದರೆ ಗಾಜಿನ ಹಿಂಬದಿಗೆ ಚಿನ್ನದ ತಗಡು ಅಂಟಿಸಿ ಮಾಡುವ ಕೆಲಸ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್‌ನಲ್ಲಿದ್ದ ಝಾಂ-ಬತಿಸ್ತ್ ಗ್ಲೊಮಿಯ ಹೆಸರಿನಿಂದ ಬಂದದ್ದು. ಅವನೂ ಕಟ್ಟು ಹಾಕುವವನೇ ಎಂಬುದು ನಮ್ಮ ಕಸುಬಿನವರ ಸಣ್ಣ ಹೆಮ್ಮೆ. ಈ ಚಿನ್ನದ ತಗಡನ್ನು ಸಾಮಾನ್ಯವಾಗಿ ಜೆಲಟಿನ್ ನೀರಿನಿಂದ ಅಂಟಿಸಿರುತ್ತಾರೆ. ತೇವ ತಾಗಿದರೆ ಬಿಟ್ಟುಕೊಳ್ಳುತ್ತದೆ. ಒರೆಸಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಗಾಜಿನ ವಯಸ್ಸು

ಗಾಜನ್ನು ಕಿಟಕಿಯ ಎದುರು ಓರೆಯಾಗಿ ಹಿಡಿದು, ಅದರಲ್ಲಿ ಬಿಂಬಿಸುವ ಕಿಟಕಿಯ ಚೌಕಟ್ಟನ್ನು ಗಮನಿಸಿ. ಗೆರೆಗಳು ಅಲೆಯಲೆಯಾಗಿ ಬಾಗಿದರೆ, ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳಿದ್ದರೆ ಊದಿ ಮಾಡಿದ ಹಳೆಯ ಗಾಜಿರಬಹುದು. ಆದರೆ ಹಳೆಯ ಕಿಟಕಿಯ ಗಾಜಿನ ಮೇಲೆ ನಿನ್ನೆ ಬರೆದ ಚಿತ್ರವೂ ಇರಬಹುದು, ಆದ್ದರಿಂದ ಇದು ಅರ್ಧ ಸಾಕ್ಷಿ ಮಾತ್ರ. ಗಾಜು ಹಳೆಯದಲ್ಲ ಎನ್ನುವ ಸಾಕ್ಷಿಗೆ ತೂಕ ಹೆಚ್ಚು. ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ಫ್ಲೋಟ್ ಗಾಜನ್ನು ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಅದರ ತವರ ತಾಗಿದ ಬದಿ, 254 ನ್ಯಾನೊಮೀಟರಿನ ನೇರಳಾತೀತ ದೀಪದ ಕೆಳಗೆ ಹಾಲಿನಂತೆ ಮಸುಕಾಗಿ ಹೊಳೆಯುತ್ತದೆ. ಚಿತ್ರವಿರುವ ಗಾಜೇ ಹಾಗೆ ಹೊಳೆದರೆ ‘1900ರ ಸಾರಾ’ ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ದೀಪ ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ರಕ್ಷಣೆಯ ಕನ್ನಡಕ ಮತ್ತು ಕೈಗವಸು ಇಲ್ಲದೆ ಹಚ್ಚಬೇಡಿ.

365 ನ್ಯಾನೊಮೀಟರಿನ ಮಾಮೂಲಿ ನೇರಳಾತೀತ ಟಾರ್ಚ್ ಬಿಳಿಯ ಬಣ್ಣದ ಬಗ್ಗೆ ಮಾತಾಡುತ್ತದೆ. ಸಾರಾಳ ಚಿತ್ರಗಳಲ್ಲಿ ಲೇಸು, ತುಪ್ಪಳ, ಲಿಲ್ಲಿ ಹೂಗಳೆಂದು ಬಿಳಿಗೆ ಬರವಿಲ್ಲ. ಕತ್ತಲೆ ಕೋಣೆಯಲ್ಲಿ ಆ ಜಾಗಕ್ಕೆ ಬೆಳಕು ಹಾಯಿಸಿ. ಹಳದಿ-ಹಸಿರಾಗಿ ಬೆಳಗಿದರೆ ಸತುವಿನ ಬಿಳಿ. ಅವಳ ಕಾಲಕ್ಕೆ ಒಪ್ಪುತ್ತದೆ. ಕಪ್ಪಾಗಿ, ಕೆನ್ನೀಲಿಯಾಗಿ ಬೆಳಕನ್ನು ನುಂಗಿಕೊಂಡರೆ ಟೈಟೇನಿಯಂ ಬಿಳಿ ಇರಬಹುದು. ಆ ಬಿಳಿ ಮಾರುಕಟ್ಟೆಗೆ ಬಂದದ್ದೇ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಮತ್ತು ಅದರ ನಂತರ. ಹಿಂದಿನ ರಟ್ಟು ಅಥವಾ ಕಾಗದ ನೀಲಿ ಮಿಶ್ರಿತ ಬಿಳಿಯಾಗಿ ಕಣ್ಣು ಕುಕ್ಕಿದರೆ ಅದರಲ್ಲಿ ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಹೊಳಪುಕಾರಕ ಇದೆ. ಬೆನ್ನು ಹೊಸದೆಂದ ಮಾತ್ರಕ್ಕೆ ಚಿತ್ರ ಹೊಸದಾಗುವುದಿಲ್ಲ, ಆದರೆ ಯಾರೋ ಬಿಚ್ಚಿ ಮುಚ್ಚಿದ್ದಾರೆ ಎಂಬುದು ಖಚಿತ.

ಹಳೆಯ ಬೆನ್ನಿನಲ್ಲಿ ಕಟ್ಟು ಹಾಕಿದವರ ಚೀಟಿ ಉಳಿದಿದ್ದರೆ ವಿಳಾಸ ಓದಿ. 1860ರವರೆಗೆ ಪ್ಯಾರಿಸ್‌ನಲ್ಲಿ ಹನ್ನೆರಡೇ ಆಡಳಿತ ವಿಭಾಗಗಳಿದ್ದವು. ಹದಿನಾಲ್ಕನೆಯದೋ ಹದಿನೆಂಟನೆಯದೋ ಎಂದು ಬರೆದಿದ್ದರೆ ಚೀಟಿ ಆಮೇಲಿನದು. ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿದ್ದರೆ ಅದರ ತಾರೀಖು ಕಟ್ಟು ಮುಚ್ಚಿದ ಕಾಲಕ್ಕೆ ಸುಳಿವು, ಚಿತ್ರ ಬರೆದ ಕಾಲಕ್ಕಲ್ಲ. ಎಸೆಯದೆ ಬೇರೆ ಲಕೋಟೆಯಲ್ಲಿ ಇಟ್ಟುಕೊಳ್ಳಿ.

ಇವಳು ಸಾರಾಳೇ?

ಸಾರಾ ಹುಟ್ಟಿದ್ದು 1844ರಲ್ಲಿ, ತೀರಿಕೊಂಡದ್ದು 1923ರಲ್ಲಿ. 1862ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ನಾಟಕಶಾಲೆಯಾದ ಕಾಮೆದಿ ಫ್ರಾನ್ಸೇಸ್‌ನ ರಂಗ ಏರಿದವಳು, 1880ರಲ್ಲಿ ಅದನ್ನು ಬಿಟ್ಟು ಜಗತ್ತು ಸುತ್ತಲು ಹೊರಟಳು. ಅವಳಷ್ಟು ಛಾಯಾಚಿತ್ರ ತೆಗೆಸಿಕೊಂಡ ನಟಿಯರು ಆ ಕಾಲದಲ್ಲಿ ಕಡಿಮೆ. ಯೌವನದಲ್ಲಿ ಛಾಯಾಗ್ರಾಹಕ ನದಾರ್‌ನ ಎದುರು ಬರಿಯ ಬಟ್ಟೆ ಹೊದ್ದು ಕುಳಿತಳು, 1880ರಲ್ಲಿ ನ್ಯೂಯಾರ್ಕಿಗೆ ಹೋದಾಗ ಸರೋನಿಯ ಸ್ಟುಡಿಯೋದಲ್ಲಿ. ಭಿತ್ತಿಪತ್ರ ಕಲಾವಿದ ಶೆರೆ 1890ರಲ್ಲಿ ಬರೆದ ಮುಖದ ಪೌಡರಿನ ಭಿತ್ತಿಪತ್ರದಲ್ಲಿಯೂ ಅವಳೇ. ಹೀಗೆ ಮುಖ ಎಲ್ಲೆಲ್ಲೂ ಹರಡಿದ್ದರಿಂದ ಗಾಜಿನ ಮೇಲೆ ನಕಲು ಮಾಡುವವರಿಗೆ ಮೂಲಕ್ಕೆ ಬರವಿರಲಿಲ್ಲ. ನಿಮ್ಮ ಕೆಲಸವೂ ಅದೇ: ಆ ಮೂಲವನ್ನು ಹುಡುಕುವುದು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹವಾದ ಗಲ್ಲಿಕಾದಲ್ಲಿ ಅವಳ ಛಾಯಾಚಿತ್ರಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಚಿತ್ರದ ಫೋಟೊ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿ. ಸಿಗದಿದ್ದರೆ ನಿಮ್ಮದನ್ನು ಮೊಬೈಲಿನಲ್ಲಿ ಎಡಬಲ ತಿರುಗಿಸಿ ಮತ್ತೊಮ್ಮೆ ಹೋಲಿಸಿ. ತಿರುಗಿಸಿದಾಗ ಮಾತ್ರ ಹೊಂದಿಕೊಂಡರೆ ಚಿತ್ರಕಾರ ಮೂಲವನ್ನು ಗಾಜಿನ ಕೆಳಗಿಟ್ಟು ಅದರ ಗೆರೆಗಳನ್ನು ನೇರವಾಗಿ ಎಳೆದುಕೊಂಡಿದ್ದಾನೆ. ಅದು ಕೈಯಿಂದ ಬರೆದ ಚಿತ್ರ ಎಂಬುದಕ್ಕೆ ನನ್ನ ಮಟ್ಟಿಗೆ ಅದೊಂದು ಒಳ್ಳೆಯ ಗುರುತು.

ಮುಖಕ್ಕಿಂತ ವೇಷವನ್ನು ನಂಬಿ. ಬೈಜಾಂಟಿಯಮ್ಮಿನ ರತ್ನಖಚಿತ ಭಾರಿ ಉಡುಪಾದರೆ 1884ರ ನಾಟಕ ‘ತೆಯೊಡೊರಾ’. ತಲೆಯ ಮೇಲೆ ಲಿಲ್ಲಿ ಹೂಗಳ ಕಿರೀಟವಿದ್ದರೆ 1895ರ ‘ಪ್ರಿನ್ಸೆಸ್ ಲ್ವಾಂತೆನ್’. ಅದೇ ವೇಷದ ಮುಖವನ್ನು ಚಿತ್ರಕಾರ ಅಲ್ಫೋನ್ಸ್ ಮುಖಾ 1896ರಲ್ಲಿ ಭಿತ್ತಿಪತ್ರವಾಗಿಸಿದ. ಕೈಯಲ್ಲಿ ತಾಳೆಗರಿ ಹಿಡಿದು ನಿಂತಿದ್ದರೆ ‘ಜಿಸ್ಮೊಂಡಾ’. ನಾಟಕ 1894ರದು, ಮುಖಾನ ಹೆಸರನ್ನು ಪ್ಯಾರಿಸ್‌ಗೆಲ್ಲ ಸಾರಿದ ಅದರ ಭಿತ್ತಿಪತ್ರ ಗೋಡೆ ಏರಿದ್ದು 1895ರ ಜನವರಿ 1ರಂದು. ಬಿಳಿಯ ಸೈನಿಕ ಉಡುಪಾದರೆ 1900ರ ‘ಲೆಗ್ಲೋಂ’: ನೆಪೋಲಿಯನ್ನನ ಮಗನಾಗಿ, ಇಪ್ಪತ್ತರ ಆಸುಪಾಸಿನ ಹುಡುಗನ ಪಾತ್ರವನ್ನು ಅವಳು ಐವತ್ತೈದರಲ್ಲಿ ಆಡಿದಳು. ಈ ಕೊನೆಯದರಲ್ಲಿ ಒಂದು ಚಂದದ ಪರೀಕ್ಷೆ ಇದೆ. ಅಧಿಕಾರಿ ಕತ್ತಿ ತೂಗುಹಾಕಿಕೊಳ್ಳುವುದು ತನ್ನ ಎಡ ಸೊಂಟಕ್ಕೆ. ಗಾಜಿನ ಚಿತ್ರದಲ್ಲಿ ಅದು ಬಲ ಸೊಂಟದಲ್ಲಿ ಇದ್ದರೆ ನಕಲು ಮಾಡಿದವನು ತಿರುಗಿಸುವುದನ್ನು ಮರೆತಿದ್ದಾನೆ.

ಈ ವರ್ಷಗಳು ಹೇಳುವುದು ಚಿತ್ರ ಯಾವ ಕಾಲಕ್ಕಿಂತ ಹಳೆಯದಿರಲಾರದು ಎಂಬುದನ್ನು ಮಾತ್ರ. ಮುಖಾನ ಶೈಲಿಯ ಗೀಳು 1960ರ ದಶಕದಲ್ಲಿ ಜನರಿಗೆ ಮತ್ತೆ ಹಿಡಿಯಿತು. ಆಮೇಲೆ ಅವನ ಚಿತ್ರಗಳನ್ನು ಕನ್ನಡಿ, ಗಾಜುಗಳ ಮೇಲೆ ರಾಶಿರಾಶಿ ಅಚ್ಚು ಹಾಕಿ ಮಾರಿದರು. ‘ಸಾರಾ, ಮುಖಾ, ಗಾಜು’ ಈ ಮೂರೂ ಒಟ್ಟಿಗೆ ಸಿಕ್ಕಾಗ ನಾನು ಖುಷಿಪಡುವ ಮೊದಲು ಭೂತಗನ್ನಡಿ ತೆಗೆಯುತ್ತೇನೆ.

ವೇಷವೇ ಇಲ್ಲದ, ಬರಿಯ ಮುಖದ ಚಿತ್ರವಾದರೆ? ಹಣೆಯ ಮೇಲೆ ಕವಿದುಕೊಂಡ ಗುಂಗುರು ಕೂದಲು, ತೆಳ್ಳನೆಯ ಉದ್ದ ಕೊರಳನ್ನು ಗಲ್ಲದವರೆಗೆ ಮುಚ್ಚಿದ ನೆರಿಗೆಯ ಕಾಲರು ಅವಳ ಗುರುತು. ಕೂದಲನ್ನು ನಡುಬೈತಲೆ ತೆಗೆದು, ಕಿವಿ ಮುಚ್ಚುವಂತೆ ಇಳಿಬಿಟ್ಟಿದ್ದರೆ ನಿಮ್ಮ ಮುಂದಿರುವುದು ನರ್ತಕಿ ಕ್ಲಿಯೊ ದ ಮೆರೊದ್ ಇರಬಹುದು. 1858ರಲ್ಲಿಯೇ ತೀರಿಕೊಂಡ ಮಹಾನಟಿ ರಾಶೆಲ್‌ಳ ಮುಖಕ್ಕೂ ಸಾರಾಳ ಹೆಸರನ್ನು ಅಂಟಿಸಿದ್ದನ್ನು ನೋಡಿದ್ದೇನೆ. ಎಷ್ಟೋ ಸಲ ಅದು ಯಾವ ನಟಿಯೂ ಅಲ್ಲ, ಟೋಪಿ ಹಾಕಿದ ಯಾರೋ ಚೆಲುವೆ. ಹೆಸರಿನಿಂದ ಬೆಲೆ ಏರುತ್ತದೆ, ಅದಕ್ಕೇ ಹೆಸರು.

ಹೆಸರನ್ನು ಗಾಜಿನಲ್ಲಿಯೇ ಬರೆದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಕ್ಷರಗಳ ನೆರಳು ಹಿಂದಿನ ಬಣ್ಣದ ಮೇಲೆ ಬಿದ್ದರೆ ಆ ಬರಹ ಗಾಜಿನ ಮುಂಬದಿಯಲ್ಲಿದೆ. ಯಾರು ಯಾವಾಗ ಬೇಕಾದರೂ ಸೇರಿಸಿರಬಹುದು. ಚಿತ್ರದ ಜೊತೆಗೇ ಹುಟ್ಟಿದ ಬರಹ ಹಿಂಬದಿಯಲ್ಲಿ, ಹಿನ್ನೆಲೆಯ ಬಣ್ಣಕ್ಕಿಂತ ಮುಂದೆ ಇರುತ್ತದೆ, ಅದಕ್ಕೆ ನೆರಳಿಲ್ಲ.

ಕೊಳ್ಳುವಾಗ ಕೇಳಬೇಕಾದ ಮಾತು

ಫ್ರಾನ್ಸಿನಲ್ಲಿ ಕೊಳ್ಳುವವರ ಕೈಯಲ್ಲಿ ಒಂದು ಒಳ್ಳೆಯ ಅಸ್ತ್ರವಿದೆ: 1981ರ ಮಾರ್ಚ್ 3ರ ಆದೇಶ. ಕಲಾಕೃತಿ, ಪುರಾತನ ವಸ್ತುಗಳನ್ನು ಮಾರುವವರು, ಕೊಳ್ಳುವವರು ಕೇಳಿದರೆ, ವಸ್ತು ಏನು, ಯಾವುದರಿಂದ ಆಗಿದೆ, ಎಲ್ಲಿಯದು, ಯಾವ ಕಾಲದ್ದು ಎಂದು ತಾವು ಹೇಳಿದ್ದನ್ನು ರಸೀದಿಯಲ್ಲಿ ಬರೆದುಕೊಡಬೇಕು. ಕೇಳಿ. ನಾಚಿಕೆ ಬೇಡ. ‘ಎಪೋಕ್ 1900’ ಎಂದು ಬರೆದುಕೊಟ್ಟರೆ ಆ ಕಾಲದಲ್ಲಿಯೇ ತಯಾರಾದದ್ದು ಎಂದು ಹೊಣೆ ಹೊತ್ತಂತೆ. ‘ಸ್ತಿಲ್ 1900’ ಎಂದರೆ ಆ ಶೈಲಿ ಎಂದಷ್ಟೇ, ನಿನ್ನೆ ಮಾಡಿದ್ದೂ ಆಗಬಹುದು. ‘ದಾಪ್ರೆ’ (ಅವನದನ್ನು ನೋಡಿ ಮಾಡಿದ್ದು), ‘ದಾಂ ಲ ಗೂ ದ’ (ಅವನ ಅಭಿರುಚಿಯಲ್ಲಿ) ಎಂದು ಮುಖಾನ ಹೆಸರಿಗೆ ಮೊದಲು ಸೇರಿಸಿದ್ದರೆ ಕಲಾವಿದನ ಬಗ್ಗೆಯೂ ಇಲ್ಲ, ಕಾಲದ ಬಗ್ಗೆಯೂ ಇಲ್ಲ, ಯಾವ ಖಾತರಿಯೂ ಇಲ್ಲ. ಬಾಯಲ್ಲಿ ‘ಖಂಡಿತ 1900’ ಎಂದವರು ಪೆನ್ನು ಹಿಡಿದ ಕೂಡಲೇ ‘ಸ್ತಿಲ್’ ಎಂದು ಬರೆದರೆ ನಿಮಗೆ ಉತ್ತರ ಸಿಕ್ಕಿತು.

ದ್ರುವೊ ಹರಾಜು ಭವನದಲ್ಲಿ ಕೊಳ್ಳುವುದಾದರೆ ಮಾರಾಟಕ್ಕೆ ಮುಂಚಿನ ಪ್ರದರ್ಶನಕ್ಕೆ ಹೋಗಿ, ಟಾರ್ಚ್ ಒಯ್ಯಿರಿ, ಬೆನ್ನು ತೋರಿಸಲು ಸಿಬ್ಬಂದಿಯನ್ನು ಕೇಳಿ. ನೀವಾಗಿಯೇ ತಿರುಗಿಸಬೇಡಿ. ಕೂಗಿದ ಬೆಲೆಯ ಮೇಲೆ ಖರೀದಿದಾರರ ಶುಲ್ಕವೂ ಸೇರುತ್ತದೆ, ಮೊದಲೇ ವಿಚಾರಿಸಿಕೊಳ್ಳಿ.

ಮನೆಗೆ ತಂದ ಮೇಲೆ

ಇನ್ನು ಬೆಳಕನ್ನು ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಬೂದು ಬೆಳ್ಳಿಯಂಥ ಮಸುಕು ಕಲೆಗಳಿವೆಯೇ? ಅದು ಕೊಳೆಯಲ್ಲ. ಅಲ್ಲಿ ಬಣ್ಣ ಗಾಜನ್ನು ಬಿಟ್ಟು ಎದ್ದಿದೆ, ನಡುವೆ ಗಾಳಿ ಸೇರಿಕೊಂಡಿದೆ. ಒತ್ತಿದರೆ ಅಂಟಿಕೊಳ್ಳುತ್ತದೆ ಎಂದು ಬೆನ್ನಿನಿಂದ ಬೆರಳಿನಲ್ಲಿ ಒತ್ತುವವರಿದ್ದಾರೆ. ಒಣಗಿದ ಬಣ್ಣ ಅಂಟಿಕೊಳ್ಳುವುದಿಲ್ಲ, ಪುಡಿಯಾಗುತ್ತದೆ. ಇಂಥ ಚಿತ್ರವನ್ನು ನಿಲ್ಲಿಸಿ ಇಡಬೇಡಿ. ಗಾಜು ಕೆಳಗೆ, ಬೆನ್ನು ಮೇಲೆ ಇರುವಂತೆ ಮೆತ್ತನೆಯ ಹಾಸಿನ ಮೇಲೆ ಮಲಗಿಸಿ. ಎದ್ದ ಚಕ್ಕೆಗಳು ತಮ್ಮ ಜಾಗದಲ್ಲಿಯೇ ಉಳಿಯುತ್ತವೆ. ಸಾಗಿಸುವಾಗಲೂ ಹಾಗೆಯೇ.

ಬಣ್ಣ ಗಟ್ಟಿಯಾಗಿದೆ ಎಂದು ಖಚಿತವಾದರೆ ಮುಂಬದಿಯನ್ನು ಮಾತ್ರ ಒರೆಸಬಹುದು. ಮೆತ್ತನೆಯ ಬಟ್ಟೆಯನ್ನು ಶುದ್ಧೀಕರಿಸಿದ ನೀರಿನಲ್ಲಿ ಅದ್ದಿ, ಹನಿ ಬಾರದಷ್ಟು ಹಿಂಡಿ, ನಡುವಿನಿಂದ ಹೊರಕ್ಕೆ ಒರೆಸಿ, ಅಂಚಿಗೆ ಒಂದು ಸೆಂಟಿಮೀಟರ್ ಇರುವಾಗಲೇ ನಿಲ್ಲಿಸಿ. ಗಾಜು ಒರೆಸುವ ದ್ರಾವಣವನ್ನು ಚಿತ್ರದ ಮೇಲೆ ಸಿಂಪಡಿಸುವುದು ಎಂದಿಗೂ ಬೇಡ. ಅದು ಕಟ್ಟಿನ ಸಂದಿಯಿಂದ ಇಳಿದು ಹಿಂಬದಿಯ ಬಣ್ಣದ ಕೆಳಗೆ ಹರಿಯುತ್ತದೆ. ಕ್ರಿಸ್ಟೋಲಿಯಂ ಆದರೆ ಒಣ ಬಟ್ಟೆಯೇ ಸಾಕು. ಬೆನ್ನಿಗೆ ಕುಂಚವೂ ಬೇಡ, ಬಟ್ಟೆಯೂ ಬೇಡ. ಆ ಕಾಲದ ಬಣ್ಣಗಳಲ್ಲಿ ಸೀಸ, ಪಾಷಾಣ ಎರಡೂ ಇರಬಹುದು. ಉದುರಿದ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ತೂಗುಹಾಕುವ ಜಾಗದ ವಿಷಯದಲ್ಲಿ ನಾನು ಹಟಮಾರಿ. ಪ್ಯಾರಿಸ್ಸಿನ ಹಳೆಯ ಮನೆಗಳಲ್ಲಿ ಎಲ್ಲರ ಕಣ್ಣೂ ಅಗ್ಗಿಷ್ಟಿಕೆಯ ಮೇಲಿನ ಗೋಡೆಗೆ ಹೋಗುತ್ತದೆ. ಅದೂ ಬೇಡ, ರೇಡಿಯೇಟರಿನ ಮೇಲಿನದೂ ಬೇಡ. ಬಿಸಿಗೆ ಗಾಜು ಹಿಗ್ಗುವ ಪರಿ ಒಂದು, ಬಣ್ಣ ಹಿಗ್ಗುವ ಪರಿ ಇನ್ನೊಂದು; ಪ್ರತಿ ಚಳಿಗಾಲ ಅವೆರಡೂ ಜಗಳವಾಡಿ ಕೊನೆಗೆ ಬೇರೆಯಾಗುತ್ತವೆ. ಹೊರಗೋಡೆ ತೇವ, ಸ್ನಾನದ ಕೋಣೆ ಇನ್ನೂ ತೇವ. ಒಳಗಿನ ಗೋಡೆ, ನೇರ ಬಿಸಿಲು ಬೀಳದ ಜಾಗ, ಗಾಳಿಯ ತೇವಾಂಶ ನೂರಕ್ಕೆ 45ರಿಂದ 55, ಅದೂ ಏರಿಳಿತವಿಲ್ಲದೆ. ಸಣ್ಣ ತೇವಾಂಶಮಾಪಕವೊಂದನ್ನು ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ. ಕ್ರಿಸ್ಟೋಲಿಯಂಗೆ ಬೆಳಕೂ ಶತ್ರು. 50 ಲಕ್ಸ್‌ಗಿಂತ (ಬೆಳಕಿನ ಪ್ರಮಾಣ ಅಳೆಯುವ ಮಾನ) ಹೆಚ್ಚು ಬೇಡ. ಮೊಳೆ ಒಂದಲ್ಲ, ಎರಡು.

ಕಟ್ಟು ಬದಲಿಸಲೇಬೇಕಾದರೆ ಕಟ್ಟು ಹಾಕುವವರಿಗೆ ಒಂದು ಮಾತು ಹೇಳಿ: ಹಿಂದಿನ ರಟ್ಟು ಬಣ್ಣಕ್ಕೆ ತಾಗಬಾರದು. ಆಮ್ಲರಹಿತ ರಟ್ಟು, ನಡುವೆ ಮೂರು ನಾಲ್ಕು ಮಿಲಿಮೀಟರ್ ಅಂತರ, ಅದಕ್ಕೆ ಅಂಚಿನಲ್ಲಿ ಪಟ್ಟಿ. ಗಾಜಿನ ಅಂಚನ್ನು ಕಟ್ಟಿಗೆ ಸರಿಹೊಂದಿಸಲು ಕತ್ತರಿಸುತ್ತೇನೆ ಎಂದವರ ಅಂಗಡಿಯಿಂದ ಚಿತ್ರ ಎತ್ತಿಕೊಂಡು ಹೊರಬನ್ನಿ. ಚಿತ್ರಕ್ಕೆ ತಕ್ಕಂತೆ ಕಟ್ಟನ್ನು ಕಡೆಯಬೇಕು.

ಬಣ್ಣ ಎದ್ದಿದ್ದರೆ, ಗಾಜು ಸೀಳಿದ್ದರೆ, ಗಾಜಿನ ಮೇಲೆ ಅಂಟಂಟು ಬೆವರಿನಂಥ ಹನಿ ಮೂಡಿದ್ದರೆ ಅದು ನನ್ನಂಥವರ ಕೆಲಸವಲ್ಲ, ಸಂರಕ್ಷಣಾ ತಜ್ಞರದು. ಪ್ಯಾರಿಸ್‌ನ ರಾಷ್ಟ್ರೀಯ ಪರಂಪರೆ ಸಂಸ್ಥೆಯಲ್ಲಿ ಕಲಿತವರಲ್ಲಿ ಗಾಜಿನ ವಿಭಾಗದವರು ಬೇರೆ, ವರ್ಣಚಿತ್ರದವರು ಬೇರೆ. ಗಾಜು ಒಡೆದಿದ್ದರೆ ಮೊದಲಿನವರನ್ನು, ಬಣ್ಣ ಎದ್ದಿದ್ದರೆ ಈ ಬಗೆಯ ಚಿತ್ರದ ಮೇಲೆ ಕೆಲಸ ಮಾಡಿದ ಎರಡನೆಯವರನ್ನು ಕೇಳಿ. ಉದುರಿದ ಜಾಗಕ್ಕೆ ಹೊಸ ಬಣ್ಣ ಬಳಿದು ಮುಚ್ಚಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಬಣ್ಣದ ಕಾಗದವೊಂದನ್ನು ಗಾಜಿಗೆ ತಾಗದಂತೆ ಹಿಂದೆ ಇಟ್ಟರೆ ಮುಂದಿನಿಂದ ಆ ತೂತು ಕಣ್ಣಿಗೆ ಬೀಳುವುದಿಲ್ಲ, ಬೇಡವೆಂದಾಗ ತೆಗೆಯಲೂಬಹುದು. ಚೂರಾಗಿದ್ದರೆ ಎಷ್ಟೇ ಸಣ್ಣ ಚೂರನ್ನೂ ಬಿಡದೆ ಆಯ್ದು, ಬಣ್ಣದ ಬದಿ ಮೇಲಿರುವಂತೆ, ಒಂದಕ್ಕೊಂದು ತಾಗದಂತೆ ಚಪ್ಪಟೆ ಪೆಟ್ಟಿಗೆಯಲ್ಲಿ ಜೋಡಿಸಿ. ಬಣ್ಣದ ಬದಿಗೆ ಅಂಟುಪಟ್ಟಿ ಹಾಕಬೇಡಿ. ಅದನ್ನು ಕೀಳುವಾಗ ಸಾರಾಳ ಮೂಗೂ ಜೊತೆಗೆ ಬರುತ್ತದೆ.